ತೊಗರಿ ನೆಟೆ ಅಂತ ಮೆಸೇಜ್ ಮುಂದ ಕಳಸೋಕ್ಕಿಂತ ಮೊದಲ ಗಿಡ ಸೀಳಿ ನೋಡ್ರಿ

ಅಫಜಲಪುರ ಕಡಿ ಅಣ್ಣಾರು ಮುಂಜಾನಿ ಗುಂಪಿನಾಗ ಹಾಕಿದ ಆಡಿಯೊ ಕೇಳ್ದೆ. ತೊಗರಿಗಿ ನೆಟೆ (ಗಿಡ ಬಾಡಿ ಸಾಯೋ ರೋಗ) ಬಂದ್ರ ಮೈಲುತುತ್ತ (ಕಾಪರ್ ಸಲ್ಫೇಟ್) ನೀರಾಗ ಕಲಸಿ ಬುಡಕ್ಕ ಸುರೀರಿ, ಮೂರು ದಿನಕ್ಕ ಹಸರಾಗ್ತದ, ಎಲ್ಲಾ ರೈತರಿಗೂ ಕಳಸ್ರಿ ಅಂತ. ಕೆಳಗ ಆಗಲೇ ಹೆಬ್ಬಟ್ಟಿನ ಸಾಲೇ ಬಿದ್ದದ. ಯಾವ ಊರಿಂದು, ಯಾವ ತಳಿ, ಮಾತಾಡಿದವರು ಯಾರು, ಒಬ್ಬರಾದ್ರೂ ಕೇಳೀರೇನ್ರಿ? ಸುರೀಬ್ಯಾಡ್ರಿ. ನಮ್ಮ ಸೀಮಿಯಾಗ ಹಿಂದ ಇಂಥದೇ ಮಾತು ಕೇಳಿ ಸುರಿದ್ರು. ಹಳದಿ ಗಿಡ ಉಳೀಲಿಲ್ಲ, ಬಾಜೂಕಿನ ಛಲೋ ಗಿಡಾನೂ ಸುಟ್ಟು ಎಲಿ ಉದುರಿಸಿದ್ವು.

ಇದರ ಮೂಲ ಬೋರ್ಡೊ ದ್ರಾವಣ ಇರಬೇಕು, ಮೈಲುತುತ್ತ-ಸುಣ್ಣ ಕೂಡಿಸಿ ಮಾಡೋ ಶಿಲೀಂಧ್ರ ರೋಗದ ಔಷಧ. ಅಡಿಕಿ, ದ್ರಾಕ್ಷಿ ಬೆಳೆಯೋರು ಹೊಡೀತಾರ: 100 ಲೀಟರ್ ನೀರಿಗಿ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಸುಣ್ಣ ಕಡಿಮಿ ಬಿದ್ರ ಬೆಳಿ ಸುಡ್ತದ. ಅದಕ್ಕೇ ಅವರು ಕಬ್ಬಿಣದ ಚಾಕು ಅದ್ದಿ ನೋಡ್ತಾರ, ಅಲಗಿಗಿ ಕೆಂಪು ಹತ್ತಿದ್ರ ಇನ್ನಷ್ಟು ಸುಣ್ಣ ಹಾಕ್ತಾರ. ಬಾಯಿಂದ ಬಾಯಿಗಿ ಬರೋದ್ರಾಗ ಸುಣ್ಣ ಕಳೆದುಹೋಗ್ಯದ, ಅಡಿಕಿ ಹೋಗಿ ತೊಗರಿ ಆಗ್ಯದ. ಅಣ್ಣಾ, ಬ್ಯಾರೆ ಗುಂಪಿಗೂ ಕಳಿಸಿದ್ರ ಅಲ್ಲೂ ಇದು ತಪ್ಪು ಅಂತ ಬರೀರಿ, ಬರೇ ಅಳಿಸಿ ಸುಮ್ಮಕ ಕೂಡಬ್ಯಾಡ್ರಿ.

ಅದು ನೆಟೆನೇ ಅಂತ ಯಾರು ನೋಡ್ಯಾರ? ಹಳದಿ ಆದದ್ದೆಲ್ಲ ನೆಟೆ ಅಲ್ಲ. ಅರ್ಧ ಬಾಡಿದ ಗಿಡ ಬೇರು ಸಮೇತ ಕಿತ್ತು, ಬುಡದಿಂದ ಮ್ಯಾಲಕ್ಕ ಉದ್ದಕ್ಕ ಸೀಳ್ರಿ. ಪೂರ್ತಿ ಒಣಗಿದ್ದು ತರಬ್ಯಾಡ್ರಿ, ಅದರಾಗ ಏನೂ ತಿಳಿಯಂಗಿಲ್ಲ. ಒಳಗಿನ ಕಟ್ಟಿಗಿಯಾಗ ಕಂದು-ಕರಿ ಗೆರಿ ಓಡಿದ್ರ ನೆಟೆ. ಹೊರಗೂ ಬುಡದಿಂದ ನೇರಳಿ ಪಟ್ಟಿ ಏರಿರ್ತದ. ಒಳಗ ಬೆಳ್ಳಗದ, ಎರಿ ಹೊಲದಾಗ ನೀರು ನಿಂತಿತ್ತು ಅಂದ್ರ ಬೇರಿಗಿ ಗಾಳಿ ಸಿಕ್ಕಿಲ್ಲ, ಮೊದಲ ನೀರು ಬಸೀರಿ. ನೆಲಕ್ಕ ಹತ್ತಿದ ಕಡಿ ಕಾಂಡದ ಮ್ಯಾಲ ಕಂದು ಗಾಯ ಆಗಿ ಅಲ್ಲೇ ಮುರೀತಿದ್ರ ಫೈಟಾಫ್ತೊರಾ ಅನ್ನೋ ಬ್ಯಾರೆ ರೋಗ. ಗಿಡ ಪೊದಿ ಆಗಿ, ಎಲಿ ಸಣ್ಣ ಆಗಿ, ಹೂವೇ ಬಿಡವಲ್ದು ಅಂದ್ರ ಗೊಡ್ಡು ರೋಗ. ಅದನ್ನ ನುಸಿ ಹರಡ್ತದ. ಒಂದೇ ಗಿಡಕ್ಕ ತೀರ್ಪು ಕೊಡಬ್ಯಾಡ್ರಿ, ಹೊಲದ ನಾಕೂ ಮೂಲಿ ನೋಡ್ರಿ.

ಖರೇನೇ ನೆಟೆ ಇದ್ರ, ಬಾಡಿದ ಗಿಡ ತಿರುಗಿ ಹಸರು ಮಾಡೋ ಔಷಧ ಇಲ್ಲ. ಎಲಿ ಮ್ಯಾಲ ಏನು ಹೊಡೆದ್ರೂ ರೊಕ್ಕ ಹಾಳು, ರೋಗ ಇರೋದು ಮಣ್ಣಾಗ, ಕೂಳಿಯಾಗ ಮೂರು ವರ್ಷದ ತನಕ ಬದುಕ್ತದ. ಕಿತ್ತು ಸುಡ್ರಿ. ಮುಂದಿನ ಸಲ ಆ ಹೊಲಕ್ಕ ಜೋಳ ಹಾಕ್ರಿ. ಮತ್ತ ತೊಗರಿ ಬಿತ್ತುವಾಗ ಕೆಜಿ ಬೀಜಕ್ಕ 4 ಗ್ರಾಂ ಟ್ರೈಕೊಡರ್ಮಾ (ರೋಗ ತಡಿಯೋ ಒಳ್ಳೆ ಶಿಲೀಂಧ್ರ) ಹಚ್ಚಿ ಬಿತ್ರಿ. ಅದು ಜೀವ ಇರೋ ಪುಡಿ, ಕಂಪನಿ ಹೆಸರಿಗಿಂತ ತಯಾರಿ ತಾರೀಖು ನೋಡ್ರಿ. ಬಿಸಲಾಗ ಬಿದ್ದ ಪಾಕೀಟು ಅರ್ಧ ದರಕ್ಕ ಕೊಟ್ರೂ ಒಲ್ಲೆ ಅನ್ರಿ.

"ಮಾರುತಿಗಿ ರೋಗನೇ ಬರಂಗಿಲ್ಲ" ಅಂತ ಇನ್ನೊಬ್ಬರು ತೊಗರಿ ತಳಿ ಬಗ್ಗೆ ಬರದಾರ. ಅರ್ಧ ಖರೆ. ಮಾರುತಿ ನೆಟೆ ತಡೀತದ, ಗೊಡ್ಡು ತಡಿಯಂಗಿಲ್ಲ. ಆಶಾ ತಳಿ ಎರಡೂ ತಡೀತದ, ಆದ್ರ ಅವಧಿ ಉದ್ದ; ಹಗುರ ಭೂಮಿಯಾಗ ತೇವ ಸಾಲದೇ ಕಾಯಿ ಜೊಳ್ಳಾಗ್ತಾವ.

ಪಲ್ಸ್ ಮ್ಯಾಜಿಕ್ ಹೊಡೆದ್ರ ನೆಟೆ ಹೋಗ್ತದ ಅನ್ನೋದೂ ಹಂಗೇ. ರಾಯಚೂರು ಕೃಷಿ ವಿಶ್ವವಿದ್ಯಾಲಯದ್ದು ಅದು, ನನಗಂತೂ ಅಂಗಡಿಯ ಯಾವ ಟಾನಿಕ್‌ಗಿಂತ ಅದರ ಮ್ಯಾಲೇ ಭರೋಸ. ಆದ್ರ ಅದು ಹೂ ಉದುರದಂಗ, ಕಾಯಿ ತುಂಬುವಂಗ ಮಾಡೋ ಪೋಷಕಾಂಶ. ಅರ್ಧ ಹೂವಾದಾಗ ಲೀಟರಿಗಿ 10 ಗ್ರಾಂ, 15 ದಿನ ಬಿಟ್ಟು ಇನ್ನೊಮ್ಮೆ. ರೋಗದ ಔಷಧ ಅಲ್ಲ.

ಸೀಳಿದ ಕಾಂಡ ಕಲಬುರಗಿಯ ಆಳಂದ ರಸ್ತಾದ ಕೃಷಿ ವಿಜ್ಞಾನ ಕೇಂದ್ರಕ್ಕ ಒಯ್ರಿ. ಹೋಗಲಿಕ್ಕಾಗದಿದ್ರ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಾಗೇ ಮಾತಾಡ್ತಾರ. ಅವರು ಏನಂದ್ರು ಅಂತ ಹಾಕುವಾಗ ತಳಿ, ಭೂಮಿ, ಮಳಿ ಯಾವಾಗಾಯ್ತು ಅನ್ನೋದೂ ಸೇರಿಸ್ರಿ.

ಹಾಂ, ಬೆಳಿ ವಿಮಾಕ್ಕ ತಿಂಗಳೊಳಗ ತಿಳಿಸಿದ್ರ ನಡೀತದ ಅಂದವರು ಯಾರ್ರಿ? ಹೊಲಕ್ಕ ನೀರು ನುಗ್ಗಿದ್ರ, ಆಲಿಕಲ್ಲು ಬಿದ್ರ 72 ತಾಸಿನೊಳಗ ದೂರು ಆಗಬೇಕು. ಬೆಳಿ ವಿಮಾ ಸಹಾಯವಾಣಿ ನಂಬರ್ 14447. ಈ ವಾರ ನೀರು ನಿಂತವರು ಇವತ್ತೇ ಫೋನ್ ಹಚ್ರಿ, ದೂರಿನ ನಂಬರ್ ಬರಕೋರಿ.