ಫ್ರಿಜ್ಜಿನ ಹೆಸರು, ಊರಿನ ಕ್ಲಬ್ಬು

ಓದುಗರ ಪತ್ರ: ಮಂಡ್ಯ ಜಿಲ್ಲೆಯ ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು ಬರೆದಿದ್ದಾರೆ. ‘ಕಳೆದ ಸಂಚಿಕೆಯಲ್ಲಿ ಯುರೋಪಿನ ಬ್ಯಾಸ್ಕೆಟ್‌ಬಾಲ್ ಬಗ್ಗೆ ಲೇಖನ ಇತ್ತು. 1973ರಲ್ಲಿ ಯುರೋಪಿಯನ್ ಕಪ್ ಗೆದ್ದ ತಂಡ ಇಗ್ನಿಸ್, 1976ರಲ್ಲಿ ಗೆದ್ದದ್ದು ಮೊಬಿಲ್‌ಜಿರ್ಜಿ, 1979ರ ಫೈನಲ್‌ನಲ್ಲಿ ಸೋತದ್ದು ಎಮರ್ಸನ್ ಎಂದು ಪಟ್ಟಿ ಕೊಟ್ಟಿದ್ದೀರಿ. ಮೂರು ಬೇರೆ ಬೇರೆ ಕ್ಲಬ್ಬುಗಳಾದರೆ ಮೂರರ ಫೋಟೋದಲ್ಲೂ ಅದೇ ಎತ್ತರದ ಆಳು ಯಾಕೆ ನಿಂತಿದ್ದಾನೆ? ಒಂದೇ ಕ್ಲಬ್ಬಾದರೆ, ದುಡ್ಡಿಗೋಸ್ಕರ ಮೂರು ಸಲ ಹೆಸರು ಮಾರಿಕೊಂಡ ಕ್ಲಬ್ಬಿಗೆ ಇತಿಹಾಸ ಅಂತ ಏನಿರುತ್ತೆ? ನಮ್ಮ ಶಾಲೆಯ ಬೋರ್ಡಿನಲ್ಲಿ ನಾನು ಈಗಲೂ ವಾರಕ್ಕೊಂದು ಆಟದ ವಿಷಯ ಬರೆಸುತ್ತೇನೆ. ಯಾವ ಹೆಸರು ಬರೆಸಲಿ?’

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ಫೋಟೋ ನೋಡಿ ನೀವು ಹಿಡಿದದ್ದು ಸರಿ. ಆ ಎತ್ತರದ ಆಳು ದೀನೊ ಮೆನೆಗಿನ್. ಮೂರೂ ಒಂದೇ ಕ್ಲಬ್ಬು. ಉತ್ತರ ಇಟಲಿಯ ವರೇಸೆ ಎಂಬ ಊರಿನದು. ಇದನ್ನು ಪಟ್ಟಿಯ ಕೆಳಗೆ ಒಂದು ಸಾಲಿನಲ್ಲಿ ಹೇಳಬೇಕಿತ್ತು, ನಾವು ಹೇಳಲಿಲ್ಲ. ತಪ್ಪು ನಮ್ಮದೇ. ಆದರೆ ನಿಮ್ಮ ಎರಡನೇ ಪ್ರಶ್ನೆಗೆ ಒಂದು ಸಾಲು ಸಾಲದು. ‘ಹೆಸರು ಮಾರಿಕೊಂಡ ಕ್ಲಬ್ಬಿಗೆ ಇತಿಹಾಸ ಏನಿರುತ್ತೆ’ ಎಂದು ಕೇಳಿದ್ದೀರಲ್ಲ, ಆ ಮಾತು ನನ್ನ ಮನಸ್ಸಿಗೆ ಸ್ವಲ್ಪ ಚುಚ್ಚಿತು. ಯಾಕೆಂದರೆ ಈ ಕ್ಲಬ್ಬು ನನಗೆ ಬಹಳ ಇಷ್ಟ.

ಮೊದಲು ಊರಿನ ಬಗ್ಗೆ ಹೇಳುತ್ತೇನೆ. ಮಿಲಾನ್‌ನಿಂದ ಸುಮಾರು 50 ಕಿಲೋಮೀಟರ್ ದೂರ, ಆಲ್ಪ್ಸ್ ಬೆಟ್ಟಗಳ ಬುಡದಲ್ಲಿ ವರೇಸೆ ಇದೆ. ಪಕ್ಕದಲ್ಲಿ ಅದೇ ಹೆಸರಿನ ಕೆರೆ. ಜನ ಸುಮಾರು 80 ಸಾವಿರ. ನಿಮ್ಮ ಮಂಡ್ಯ ಪಟ್ಟಣಕ್ಕಿಂತ ಚಿಕ್ಕದು. ಯುದ್ಧ ಮುಗಿದ 1945ರಲ್ಲೇ ಇಲ್ಲಿ ಕ್ಲಬ್ಬು ಹುಟ್ಟಿತು. ಹೆಸರು ಪಲ್ಲಾಕನೆಸ್ತ್ರೊ ವರೇಸೆ. ಇಟಲಿ ಭಾಷೆಯಲ್ಲಿ ಪಲ್ಲಾ ಅಂದರೆ ಚೆಂಡು, ಕನೆಸ್ತ್ರೊ ಅಂದರೆ ಬುಟ್ಟಿ. ಆಟದ ಹೆಸರು, ಊರಿನ ಹೆಸರು, ಅಷ್ಟೇ.

ಇನ್ನು ಇಗ್ನಿಸ್. ಮಿಲಾನ್‌ನಲ್ಲಿ ಬೋರ್ಗಿ ಎಂಬ ಮನೆತನದ ಒಂದು ಎಲೆಕ್ಟ್ರಿಕ್ ವರ್ಕ್‌ಶಾಪ್ ಇತ್ತು. 1943ರಲ್ಲಿ ಮಿಲಾನ್ ಮೇಲೆ ಬಾಂಬು ಬಿದ್ದಾಗ ಅವರು ಊರು ಬಿಟ್ಟು ವರೇಸೆ ಪಕ್ಕದ ಕೊಮೇರಿಯೊ ಎಂಬ ಹಳ್ಳಿಗೆ ಬಂದರು. ಮಗ ಜೊವಾನ್ನಿ ಬೋರ್ಗಿ ಅಲ್ಲಿ ಎಲೆಕ್ಟ್ರಿಕ್ ಒಲೆ ಮಾಡಿದ. ಅದಕ್ಕೇ ಇಗ್ನಿಸ್ ಎಂದು ಹೆಸರು. ಲ್ಯಾಟಿನ್‌ನಲ್ಲಿ ಬೆಂಕಿ ಎಂದರ್ಥ, ನಮ್ಮ ‘ಅಗ್ನಿ’ಯ ದಾಯಾದಿ ಪದ. ಆಮೇಲೆ ಫ್ರಿಜ್ಜಿಗೆ ಕೈ ಹಾಕಿದ. ಯುದ್ಧದ ನಂತರದ ಇಟಲಿಯಲ್ಲಿ ಮನೆಮನೆಗೂ ಫ್ರಿಜ್ಜು ಬರುತ್ತಿದ್ದ ಕಾಲ ಅದು. ಬೋರ್ಗಿಯ ಕಾರ್ಖಾನೆ ಬೆಳೆದದ್ದೇ ಬೆಳೆದದ್ದು. ಆತನಿಗೆ ಆಟವೆಂದರೆ ಪ್ರಾಣ. ಸೈಕಲ್ ರೇಸಿನವರಿಗೆ ದುಡ್ಡು ಕೊಟ್ಟ, ಬಾಕ್ಸಿಂಗ್‌ನವರಿಗೆ ಕೊಟ್ಟ, 1956ರಲ್ಲಿ ಊರಿನ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿಗೂ ಕೊಟ್ಟ. ಅಂದಿನಿಂದ ಅದು ಇಗ್ನಿಸ್ ವರೇಸೆ. ಹಳದಿ ಜೆರ್ಸಿ, ಎದೆಯ ಮೇಲೆ ನೀಲಿ ಬಣ್ಣದಲ್ಲಿ ಇಗ್ನಿಸ್. 1961ರಲ್ಲಿ ಮೊದಲ ಸಲ ಇಟಲಿಯ ಚಾಂಪಿಯನ್ ಆಯಿತು, 1964ರಲ್ಲಿ ಎರಡನೇ ಸಲ. ಅದೇ 1964ರಲ್ಲಿ ಮಸ್ನಾಗೊ ಬಡಾವಣೆಯಲ್ಲಿ ಒಳಾಂಗಣ ಕ್ರೀಡಾಂಗಣ ಎದ್ದಿತು. ತಂಡ ಈಗಲೂ ಆಡುವುದು ಅಲ್ಲೇ.

ಇದು ವರೇಸೆಯೊಂದರ ಕಥೆಯೂ ಅಲ್ಲ. ಇಟಲಿಯ ಬ್ಯಾಸ್ಕೆಟ್‌ಬಾಲ್‌ನಲ್ಲಿ ಎಲ್ಲರೂ ಹೀಗೇ. ಆಗ ವರೇಸೆಯ ದೊಡ್ಡ ಎದುರಾಳಿ ಮಿಲಾನ್‌ನ ಒಲಿಂಪಿಯಾ. ಅದನ್ನು ಜನ ಕರೆಯುತ್ತಿದ್ದದ್ದು ಸಿಮೆಂಥಾಲ್ ಎಂದು. ಅದು ಡಬ್ಬಿಯಲ್ಲಿ ಬರುವ ಮಾಂಸದ ಹೆಸರು. ಫುಟ್‌ಬಾಲ್ ಕ್ಲಬ್ಬುಗಳಿಗೆ ಟಿಕೆಟ್ ದುಡ್ಡೇ ರಾಶಿ ಬರುತ್ತಿತ್ತು. ಕೆಲವು ಸಾವಿರ ಸೀಟಿನ ಒಳಾಂಗಣದಲ್ಲಿ ಆಡುವವರಿಗೆ ಅದು ಎಲ್ಲಿಂದ ಬರಬೇಕು? ಹೆಸರು ಬಾಡಿಗೆಗೆ ಕೊಟ್ಟರು. ‘ಮಾರಿಕೊಂಡರು’ ಎನ್ನುವ ನಿಮ್ಮ ಮಾತನ್ನು ನಾನು ಒಪ್ಪದಿರುವುದು ಇಲ್ಲೇ. ನಮ್ಮ ಬೆಂಗಳೂರಿನ ಐಟಿಐ, ಎಚ್‌ಎಎಲ್ ಫುಟ್‌ಬಾಲ್ ತಂಡಗಳು ಕಾರ್ಖಾನೆಯ ಸ್ವಂತ ತಂಡಗಳು. ಇಲ್ಲಿ ಹಾಗಲ್ಲ. ಕಂಪನಿ ಬರುತ್ತದೆ, ಕೆಲವು ವರ್ಷ ಎದೆಯ ಮೇಲೆ ಕೂರುತ್ತದೆ, ಹೋಗುತ್ತದೆ. ಕ್ಲಬ್ಬು ಊರಲ್ಲೇ ಇರುತ್ತದೆ.

ಆ ದುಡ್ಡು ಯಾವುದಕ್ಕೆ ಹೋಯಿತು ಎನ್ನುವುದನ್ನೂ ನೋಡಬೇಕು ಮೇಷ್ಟ್ರೇ. ಪಿ.ಟಿ. ಮೇಷ್ಟ್ರಾದ ನಿಮಗೆ ಇದನ್ನು ಹೇಳಲೇಬೇಕು. ವರೇಸೆಯಲ್ಲಿ ನಿಕೊ ಮೆಸ್ಸೀನಾ ಎಂಬ ಪಿ.ಟಿ. ಮೇಷ್ಟ್ರು ಇದ್ದರು. ಕ್ಲಬ್ಬಿನಲ್ಲಿ ತರಬೇತಿಯನ್ನೂ ಕೊಡುತ್ತಿದ್ದರು. ಶಾಲಾ ಹುಡುಗರ ಆಟೋಟದಲ್ಲಿ ಒಬ್ಬ ಉದ್ದನೆಯ ಹುಡುಗ ಅವರ ಕಣ್ಣಿಗೆ ಬಿದ್ದ. 1950ರಲ್ಲಿ ಬೆಲ್ಲೂನೊ ಕಡೆಯ ಅಲಾನೊ ದಿ ಪಿಯಾವೆ ಎಂಬ ಹಳ್ಳಿಯಲ್ಲಿ ಹುಟ್ಟಿ, ಮನೆಯವರ ಜೊತೆ ವರೇಸೆಗೆ ಬಂದಿದ್ದ ಹುಡುಗ. ಆತನೇ ದೀನೊ ಮೆನೆಗಿನ್. 16ನೇ ವಯಸ್ಸಿಗೆ ದೊಡ್ಡವರ ತಂಡಕ್ಕೆ ಬಂದ. ಆಟ ಬಿಟ್ಟದ್ದು 1994ರಲ್ಲಿ, 44ನೇ ವಯಸ್ಸಿನಲ್ಲಿ! ಬ್ಯಾಸ್ಕೆಟ್‌ಬಾಲ್ ದಿಗ್ಗಜರನ್ನು ಗೌರವಿಸುವ ಅಮೆರಿಕದ ನೈಸ್ಮಿತ್ ಹಾಲ್ ಆಫ್ ಫೇಮ್ ಅವರನ್ನು 2003ರಲ್ಲಿ ಸೇರಿಸಿಕೊಂಡಿತು. ಮೆಸ್ಸೀನಾ ಮೇಷ್ಟ್ರು ಸುಮ್ನೆ ಹುಡುಗನನ್ನು ತೋರಿಸಿ ದೂರ ನಿಂತವರಲ್ಲ. 1969ರಲ್ಲಿ ವರೇಸೆ ಇಟಲಿಯ ಚಾಂಪಿಯನ್ ಆದಾಗ ಕೋಚ್ ಅವರೇ, 1978ರಲ್ಲೂ ಅವರೇ.

1969ರಲ್ಲಿ ಯುಗೊಸ್ಲಾವಿಯದಿಂದ ಅಲೆಕ್ಸಾಂಡರ್ ನಿಕೋಲಿಚ್ ಬಂದರು. ಜನ ಅವರನ್ನು ‘ಪ್ರೊಫೆಸರ್’ ಎಂದೇ ಕರೆಯುತ್ತಿದ್ದರು. ಹುಟ್ಟೂರು ಸಾರಾಯೆವೊ. ಅವರು ಬಂದ ಮೊದಲ ವರ್ಷವೇ ತಂಡ ಯುರೋಪಿಯನ್ ಕಪ್, ಅಂದರೆ ಯುರೋಪಿನ ಚಾಂಪಿಯನ್ ಕ್ಲಬ್ಬುಗಳ ಪಂದ್ಯಾವಳಿಯ, ಫೈನಲ್ ತಲುಪಿತು. 1970ರ ಆ ಫೈನಲ್ ನಡೆದದ್ದೂ ಸಾರಾಯೆವೊದಲ್ಲೇ. ಎದುರಿಗೆ ಸೋವಿಯತ್ ಸೈನ್ಯದ ತಂಡ ಸಿಎಸ್‌ಕೆಎ ಮಾಸ್ಕೋ. ವರೇಸೆ 79-74ರಿಂದ ಗೆದ್ದಿತು. ಒಂದು ಕಡೆ ಇಡೀ ದೇಶದಿಂದ ಆರಿಸಿ ತಂದ ಆಟಗಾರರು, ಇನ್ನೊಂದು ಕಡೆ ಫ್ರಿಜ್ಜು ಮಾಡುವ ಪುಟ್ಟ ಊರು!

ಅಲ್ಲಿಂದ ಮುಂದಿನದು ನನಗೆ ಇವತ್ತಿಗೂ ನಂಬಲು ಕಷ್ಟ. 1970ರಿಂದ 1979ರವರೆಗೆ, ಒಂದು ವರ್ಷವೂ ಬಿಡದೆ, ಹತ್ತಕ್ಕೆ ಹತ್ತು ಫೈನಲ್. 1972ರಲ್ಲಿ ಟೆಲ್ ಅವೀವ್‌ನಲ್ಲಿ ಯುಗೊಸ್ಲಾವಿಯದ ಯುಗೊಪ್ಲಾಸ್ತಿಕಾ ತಂಡದ ಮೇಲೆ 70-69. ಒಂದೇ ಪಾಯಿಂಟ್. 1973ರಲ್ಲಿ ಮತ್ತೆ ಸಿಎಸ್‌ಕೆಎ ಮೇಲೆ ಗೆಲುವು. 1975 ಮತ್ತು 1976ರಲ್ಲಿ ರಿಯಲ್ ಮ್ಯಾಡ್ರಿಡ್ ಮೇಲೆ. ಒಟ್ಟು ಐದು ಕಪ್. ಸೋತ ಐದನ್ನೂ ಒಮ್ಮೆ ನೋಡಿ. 1974ರಲ್ಲಿ ಮ್ಯಾಡ್ರಿಡ್ ಎದುರು 84-82. 1977ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಮಕ್ಕಾಬಿ ಟೆಲ್ ಅವೀವ್ ಎದುರು 78-77. 1979ರಲ್ಲಿ 96-93. ಈ ಮೂರೂ ಸೋಲು ಕೂಡಿಸಿದರೆ ಅಂತರ ಆರೇ ಪಾಯಿಂಟ್. ಉಳಿದ ಎರಡರಲ್ಲಿ, ಅಂದರೆ 1971 ಮತ್ತು 1978ರಲ್ಲಿ, ಎದುರಾಳಿ ಸ್ಪಷ್ಟವಾಗಿ ಮೇಲಿತ್ತು. ಅದನ್ನು ಒಪ್ಪಬೇಕು.

ನಿಕೋಲಿಚ್ 1973ರಲ್ಲಿ ಹೊರಟ ಮೇಲೆ ಬಂದವರು ಸಾಂದ್ರೊ ಗಾಂಬಾ. ಮಿಲಾನ್‌ನವರು. 1945ರಲ್ಲಿ, ಯುದ್ಧದ ಕೊನೆಯ ದಿನಗಳಲ್ಲಿ, ಬೀದಿಯ ಗುಂಡಿನ ಚಕಮಕಿಯಲ್ಲಿ ಸಿಕ್ಕಿ ಅವರ ಬಲಗೈಗೆ ಪೆಟ್ಟಾಗಿತ್ತು. ಆಗ ಅವರಿನ್ನೂ ಹುಡುಗ. ಆ ಕೈ ಮತ್ತೆ ಆಡಲಿ ಎಂದು ಚೆಂಡು ಹಿಡಿದವರು ಮುಂದೆ ಇಟಲಿ ಪರ ಆಡಿದರು. 1975, 1976ರ ಎರಡು ಕಪ್ ಅವರ ಕೈಕೆಳಗೆ ಬಂದವು.

ಆಟಗಾರರಲ್ಲಿ ಇಬ್ಬರ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಒಬ್ಬ ಮೆಕ್ಸಿಕೊದ ಮಾನ್ವೆಲ್ ರಾಗಾ. ಬ್ಯಾಸ್ಕೆಟ್‌ಬಾಲ್ ಮಟ್ಟಿಗೆ ಎತ್ತರವೇನೂ ಅಲ್ಲ. ಆದರೆ ನೆಗೆದರೆ ಕೆಳಗೆ ಬರುವುದೇ ಮರೆತಂತೆ ಇರುತ್ತಿದ್ದ. ‘ಹಾರುವ ಮೆಕ್ಸಿಕನ್’ ಎಂದೇ ಹೆಸರು. 1970ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಅಟ್ಲಾಂಟಾ ಹಾಕ್ಸ್ ತಂಡ ರಾಗಾ, ಮೆನೆಗಿನ್ ಇಬ್ಬರನ್ನೂ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಯಲ್ಲಿ, ಆರಿಸಿತು. ಯುರೋಪಿನಲ್ಲಿ ಆಡುವವರತ್ತ ಅಮೆರಿಕ ತಿರುಗಿಯೂ ನೋಡದಿದ್ದ ಕಾಲ ಅದು. ಇಬ್ಬರೂ ಹೋಗಲಿಲ್ಲ, ವರೇಸೆಯಲ್ಲೇ ಉಳಿದರು. ಇನ್ನೊಬ್ಬ ಅಮೆರಿಕದ ಬಾಬ್ ಮೋರ್ಸ್. 1972ರಲ್ಲಿ ಬಂದ, ಒಂಬತ್ತು ಸೀಸನ್ ಆಡಿದ. ಆಗಿನ್ನೂ ಇಟಲಿಯಲ್ಲಿ ಮೂರು ಪಾಯಿಂಟಿನ ಗೆರೆ ಇರಲಿಲ್ಲ, ಅದು ಬಂದದ್ದು 1984ರಲ್ಲಿ. ಎಷ್ಟು ದೂರದಿಂದ ಹಾಕಿದರೂ ಎರಡೇ. ಆದರೂ ಮೋರ್ಸ್ ದೂರದಿಂದಲೇ ಹಾಕುತ್ತಿದ್ದ, ಆರು ಸಲ ಲೀಗಿನಲ್ಲಿ ಅತಿ ಹೆಚ್ಚು ಪಾಯಿಂಟ್ ಹೊಡೆದ.

ಇವರಿಗೆಲ್ಲ ಚೆಂಡು ಕೊಡುತ್ತಿದ್ದವನು ಊರಿನ ಹುಡುಗ ಆಲ್ದೊ ಓಸ್ಸೊಲಾ. ಇಲ್ಲೊಂದು ಮಾತು ಹೇಳಬೇಕು. ಮಸ್ನಾಗೊದ ಬ್ಯಾಸ್ಕೆಟ್‌ಬಾಲ್ ಅಂಗಣದ ಪಕ್ಕದಲ್ಲೇ ಊರಿನ ಫುಟ್‌ಬಾಲ್ ಸ್ಟೇಡಿಯಂ ಇದೆ. ಅದರ ಹೆಸರು ಫ್ರಾಂಕೊ ಓಸ್ಸೊಲಾ. ಆಲ್ದೊನ ಅಣ್ಣ. ತೊರಿನೊ ಫುಟ್‌ಬಾಲ್ ತಂಡದ ಆಟಗಾರ. 1949ರ ಮೇ 4ರಂದು ಸುಪೆರ್ಗಾ ಬೆಟ್ಟಕ್ಕೆ ವಿಮಾನ ಬಡಿದು ಬಹುತೇಕ ಇಡೀ ತಂಡ ಸತ್ತಿತಲ್ಲ, ಅದರಲ್ಲಿ ಅವನೂ ಹೋದ. ಆಗ ಆಲ್ದೊ ಇನ್ನೂ ಪುಟ್ಟ ಮಗು. ಬೆಳೆದ ಮೇಲೆ ಅಣ್ಣನ ಹೆಸರಿನ ಸ್ಟೇಡಿಯಂ ಪಕ್ಕದಲ್ಲೇ ಆಡಿ ಊರಿಗೆ ಕಪ್ ತಂದ. ಅವನ ಎದೆಯ ಮೇಲೆ ಯಾವ ಕಂಪನಿಯ ಹೆಸರಿತ್ತು ಎನ್ನುವುದು ವರೇಸೆಯವರಿಗೆ ಎಷ್ಟು ಮುಖ್ಯ ಹೇಳಿ?

ಇಗ್ನಿಸ್ ಹೋದದ್ದು 1975ರಲ್ಲಿ. ಕಾರ್ಖಾನೆ ಅಷ್ಟರಲ್ಲಿ ಫಿಲಿಪ್ಸ್ ಕೈ ಸೇರಿತ್ತು. ಬೋರ್ಗಿ ತೀರಿಕೊಂಡದ್ದೂ ಅದೇ ವರ್ಷ. ಆಗ ಪೀಠೋಪಕರಣದ ಕಂಪನಿ ಮೊಬಿಲ್‌ಜಿರ್ಜಿ ಬಂತು, 1978ರಲ್ಲಿ ಎಮರ್ಸನ್. ನಿಮ್ಮ ಮೂರು ಹೆಸರು ಇವೇ. ಜೆರ್ಸಿ ಬದಲಾಯಿತು, ಒಳಗಿದ್ದ ಮೆನೆಗಿನ್, ಮೋರ್ಸ್, ಓಸ್ಸೊಲಾ ಬದಲಾಗಲಿಲ್ಲ.

ಹತ್ತನೇ ಫೈನಲ್ 1979ರಲ್ಲಿ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ. ಎದುರಿಗೆ ಬೋಸ್ನಾ ತಂಡ. ಅದರ ಊರು ಸಾರಾಯೆವೊ, ಅಂದರೆ ವರೇಸೆ ಮೊದಲ ಕಪ್ ಎತ್ತಿದ ಊರು, ನಿಕೋಲಿಚ್ ಹುಟ್ಟಿದ ಊರು. ಆ ದಿನ ಬೋಸ್ನಾದ ಜಾರ್ಕೊ ವಾರಾಯಿಚ್ ಒಬ್ಬನೇ 45 ಪಾಯಿಂಟ್ ಹೊಡೆದ. ಕೋಚ್ ಬೊಗ್ದಾನ್ ತಾನ್ಯೆವಿಚ್. ಈ ಹೆಸರು ನೆನಪಿಟ್ಟುಕೊಳ್ಳಿ. 1980ರಲ್ಲಿ ವರೇಸೆ ಪಕ್ಕದ ಕಾಂತು ತಂಡವನ್ನು ಸೋಲಿಸಿ ಯುರೋಪಿನ ಎರಡನೇ ದರ್ಜೆಯ ಕಪ್ ಆದ ಕಪ್ ವಿನ್ನರ್ಸ್ ಕಪ್ ಗೆದ್ದಿತು. ಮುಂದಿನ ವರ್ಷ ಮೆನೆಗಿನ್ ಮಿಲಾನ್‌ಗೆ ಹೋದ. ಊರಿಗೆ ಅದು ಎಷ್ಟು ನೋವಾಗಿರಬೇಕು!

ಆಮೇಲಿನ ದಿನ ಚೆನ್ನಾಗಿರಲಿಲ್ಲ, ಬೇಗ ಹೇಳಿ ಮುಗಿಸುತ್ತೇನೆ. 1992ರಲ್ಲಿ ತಂಡ ಎರಡನೇ ದರ್ಜೆಗೆ ಬಿತ್ತು, ಮತ್ತೆ ಎದ್ದಿತು. ಹೆಸರುಗಳು ಬಂದವು, ಹೋದವು. ಅದರಲ್ಲಿ ಎರಡು ನನಗೆ ಇಷ್ಟ. ಒಂದು ದಿವರೇಸೆ ಎಂಬ ಶೂ ಕಂಪನಿ. ‘ವರೇಸೆಯದು’ ಎಂದೇ ಅರ್ಥ. ಇನ್ನೊಂದು ಊರಿನದೇ ಮೋಟಾರ್‌ಬೈಕ್ ಕಂಪನಿ ಕಜೀವಾ. ಕಸ್ತಿಲ್ಯೋನಿ, ಜೊವಾನ್ನಿ, ವರೇಸೆ, ಈ ಮೂರರ ಮೊದಲ ಅಕ್ಷರಗಳನ್ನು ಸೇರಿಸಿ ಮಾಡಿದ ಹೆಸರು. ಬಾಡಿಗೆ ಹೆಸರಿನೊಳಗೂ ಊರು ಹೇಗೆ ನುಸುಳಿದೆ ನೋಡಿ.

ಇಟಲಿಯಲ್ಲಿ ಹತ್ತು ಸಲ ಚಾಂಪಿಯನ್ ಆದ ಕ್ಲಬ್ಬು ಜೆರ್ಸಿಯ ಮೇಲೆ ಒಂದು ನಕ್ಷತ್ರ ಹಾಕಿಕೊಳ್ಳಬಹುದು. ವರೇಸೆಯ ಒಂಬತ್ತನೆಯದು 1978ರಲ್ಲಿ ಬಂದಿತ್ತು. ಹತ್ತನೆಯದಕ್ಕೆ ಊರು 21 ವರ್ಷ ಕಾಯಿತು. 1999ರಲ್ಲಿ, ಕಾರ್ಲೊ ರೆಕಲ್ಕಾತಿ ಕೋಚ್ ಆಗಿದ್ದಾಗ, ಶ್ರೀಮಂತ ತಂಡ ಬೆನೆಟನ್ ತ್ರೆವೀಸೊವನ್ನು ಫೈನಲ್‌ನಲ್ಲಿ 3-0ಯಿಂದ ಸೋಲಿಸಿದರು. ತಂಡದಲ್ಲಿ ಚಿಕ್ಕ ದೇಹದ, ಚೂಟಿ ಜಾನ್‌ಮಾರ್ಕೊ ಪೊಟ್ಸೆಕ್ಕೊ ಇದ್ದ. ಇನ್ನೊಬ್ಬ ಆಂದ್ರೇಯಾ ಮೆನೆಗಿನ್. ಹೌದು ಮೇಷ್ಟ್ರೇ, ದೀನೊ ಮೆನೆಗಿನ್ ಮಗನೇ. ಕೆಲವೇ ವಾರಗಳಲ್ಲಿ ಇಟಲಿ ಯುರೋಪಿನ ಚಾಂಪಿಯನ್ ಆಯಿತು. ಆ ತಂಡದಲ್ಲಿ ಆಂದ್ರೇಯಾ ಇದ್ದ, ವರೇಸೆಯ ಜಾಕೊಮೊ ಗಲಾಂದಾ ಇದ್ದ. ಕೋಚ್ ಯಾರು ಗೊತ್ತಾ? ಇಪ್ಪತ್ತು ವರ್ಷದ ಹಿಂದೆ ವರೇಸೆಯನ್ನು ಸೋಲಿಸಿದ ಅದೇ ತಾನ್ಯೆವಿಚ್.

2008ರಲ್ಲಿ ತಂಡ ಮತ್ತೆ ಕೆಳಗಿಳಿಯಿತು, ಮುಂದಿನ ವರ್ಷವೇ ಮೇಲೆ ಬಂತು. 2010ರಲ್ಲಿ ಊರಿನ ಹಲವು ಸಣ್ಣ ದೊಡ್ಡ ಉದ್ಯಮಿಗಳು ಸೇರಿ ಒಂದು ಕೂಟ ಕಟ್ಟಿ ಕ್ಲಬ್ಬನ್ನು ವಹಿಸಿಕೊಂಡರು. ಬೋರ್ಗಿಯಂಥ ಒಬ್ಬ ಧಣಿ ಇನ್ನು ಸಿಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು, ಹಾಗಾಗಿ ತಾವೇ ಕೈ ಸೇರಿಸಿದರು. ಕೂಟದ ಹೆಸರು ‘ವರೇಸೆ ನೆಲ್ ಕುವೋರೆ’, ಹೃದಯದಲ್ಲಿ ವರೇಸೆ ಎಂದು. 2004ರಲ್ಲಿ ಅರ್ಜೆಂಟೀನಾಗೆ ಒಲಿಂಪಿಕ್ಸ್ ಚಿನ್ನ ಗೆದ್ದುಕೊಟ್ಟವರಲ್ಲಿ ಒಬ್ಬನಾದ ಲೂಯಿಸ್ ಸ್ಕೋಲಾ ತನ್ನ ಕೊನೆಯ ಕ್ಲಬ್ ಸೀಸನ್ ಆಡಿದ್ದು ಇಲ್ಲೇ, 2020-21ರಲ್ಲಿ. ಆಟ ಬಿಟ್ಟ ಮೇಲೆ ಅಲ್ಲಿಂದ ಹೋಗಲಿಲ್ಲ. ಕ್ಲಬ್ಬನ್ನು ನಡೆಸುವ ಕೆಲಸಕ್ಕೇ ನಿಂತ.

ಇಷ್ಟು ಹೇಳಿದ ಮೇಲೆ ನಿಮ್ಮ ಬೋರ್ಡಿನ ವಿಷಯ. ವರ್ಷದ ಪಕ್ಕದಲ್ಲಿ ಆಗಿನ ಹೆಸರು ಇರಲಿ, ಅದೂ ನಿಜವೇ. ಮೇಲೆ ದೊಡ್ಡ ಅಕ್ಷರದಲ್ಲಿ ಮಾತ್ರ 1945ರ ಹೆಸರನ್ನೇ ಬರೆಸಿ: ಪಲ್ಲಾಕನೆಸ್ತ್ರೊ ವರೇಸೆ. ಜಾಗ ಉಳಿದರೆ ಕೆಳಗೆ ನಿಕೊ ಮೆಸ್ಸೀನಾ ಅವರ ಹೆಸರನ್ನೂ ಬರೆಸಿ. ಪಕ್ಕದಲ್ಲಿ ‘ಪಿ.ಟಿ. ಮೇಷ್ಟ್ರು’ ಅಂತ ಇರಲಿ. ಮುಂದಿನ ಸಂಚಿಕೆಯಲ್ಲಿ ಪಟ್ಟಿಯನ್ನು ತಿದ್ದಿ ಮತ್ತೆ ಹಾಕುತ್ತೇವೆ.

ಸಂಪಾದಕ