ಮೆಕ್ಯಾನಿಕ್ ಕೆಲಸ ಗೊತ್ತಿಲ್ಲದವರೂ ಕೆಟ್ಟು ನಿಂತ ಹಳೆಯ ಕಾರನ್ನು ಏಕೆ ಕೊಳ್ಳುತ್ತಾರೆ?

ಕಾರಿನ ಬೆಲೆ ಕಣ್ಣಿಗೆ ಕಾಣುತ್ತದೆ, ರಿಪೇರಿಯ ಖರ್ಚು ಕಾಣುವುದಿಲ್ಲ. ಅದರ ಜೊತೆಗೆ ನೆನಪೂ ಸೇರಿಕೊಂಡರೆ ಲೆಕ್ಕಾಚಾರ ಹಿಂದೆ ಬೀಳುತ್ತದೆ.

ಪ್ರೀಮಿಯರ್ ಪದ್ಮಿನಿಯನ್ನೇ ನೋಡಿ. 1970–80ರ ದಶಕಗಳಲ್ಲಿ ಎಷ್ಟೋ ಮಧ್ಯಮವರ್ಗದ ಮನೆಗಳ ಮೊದಲ ಕಾರು ಅದು. ಸ್ಟಿಯರಿಂಗ್ ಪಕ್ಕದ ಗೇರ್ ಕಡ್ಡಿ ಹಿಡಿದ ಕೂಡಲೇ ಅಪ್ಪನ ಕೈ ನೆನಪಾಗುತ್ತದೆ. ಬಾನೆಟ್ ಎತ್ತಿದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್, ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಎಲ್ಲವೂ ಕೈಗೆ ಸಿಗುವಂತಿವೆ, ಕಂಪ್ಯೂಟರಿನ ಸುಳಿವಿಲ್ಲ. ಇಷ್ಟನ್ನು ಕಲಿತುಕೊಳ್ಳಬಹುದು ಎನಿಸುವುದು ಸಹಜ. ಎಂಜಿನ್ ಮಟ್ಟಿಗೆ ಅದು ನಿಜವೂ ಹೌದು.

ಪೆಟ್ಟು ಬೀಳುವುದು ಬಾಡಿಯಲ್ಲಿ. ಪದ್ಮಿನಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿಸ್, ಅಂದರೆ ಅಡಿಯ ಉಕ್ಕಿನ ಚೌಕಟ್ಟು, ಇಲ್ಲ, ತಗಡಿನ ಬಾಡಿಯೇ ಭಾರ ಹೊರುತ್ತದೆ. ಕಾಲಡಿಯ ಮ್ಯಾಟ್ ಸರಿಸಿ ಸ್ಕ್ರೂಡ್ರೈವರಿನಿಂದ ಒತ್ತಿದಾಗ ತಗಡು ತೂತಾದರೆ, ಕಾರಿನ ಬೆನ್ನೆಲುಬಿಗೇ ತುಕ್ಕು ಹಿಡಿದಿದೆ ಎಂದರ್ಥ. ಅದನ್ನು ಕತ್ತರಿಸಿ ಹೊಸ ತಗಡು ಬೆಸೆಯುವ ಟಿಂಕರಿಂಗ್ ಕೆಲಸಕ್ಕೆ ಪಳಗಿದ ಕೈಯೇ ಬೇಕು; ಅದರ ಕೂಲಿ ಕಾರಿನ ಬೆಲೆಯನ್ನೇ ಮೀರಬಹುದು. ಮೇಲಿನ ಹೊಸ ಪೇಂಟ್ ಇದನ್ನೆಲ್ಲ ಮುಚ್ಚಿಟ್ಟಿರುತ್ತದೆ. ಆಸೆಯಿದ್ದರೆ ಖಂಡಿತ ಕೊಳ್ಳಿ, ಆದರೆ ಮುಂಗಡ ಕೊಡುವ ಮೊದಲು ಟಿಂಕರಿಂಗ್ ಬಲ್ಲವರೊಬ್ಬರನ್ನು ಕರೆದುಕೊಂಡು ಹೋಗಿ.