ಲೈಸೆನ್ಸಿನಲ್ಲಿ ಉಳಿದ ದುಡ್ಡು ಎಲ್ಲಿಗೆ ಹೋಯಿತು?

ಪ್ರಿಯರೇ, ನಮಸ್ಕಾರ.

‘ಬಡ ದೇಶಗಳಿಗೆ ಉಚಿತ ತಂತ್ರಾಂಶ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಇನ್ನೊಮ್ಮೆ ಬರೆಯಿರಿ.

ತಂತ್ರಾಂಶದ ಲೈಸೆನ್ಸಿಗೆ, ಅಂದರೆ ಬಳಸುವ ಪರವಾನಗಿಗೆ, ದುಡ್ಡು ಕೊಡಬೇಕಿಲ್ಲ, ಹಾಗಾಗಿ ದೇಶಕ್ಕೆ ಉಳಿತಾಯ. ನಾಲ್ಕು ಪುಟಗಳಲ್ಲಿ ನೀವು ಹೇಳಿರುವುದು ಇಷ್ಟೇ. ‘ಉಚಿತ’ ಎಂಬ ಪದ ಹತ್ತೊಂಬತ್ತು ಸಲ ಬಂದಿದೆ. ‘ಸಂಬಳ’ ಒಮ್ಮೆಯೂ ಬಂದಿಲ್ಲ.

ನಮ್ಮ ಕಚೇರಿಯದ್ದೇ ಹೇಳುತ್ತೇನೆ. ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್, ಕಡತ ಬರೆಯಲು ಲಿಬ್ರೆಆಫೀಸ್ ಹಾಕಿಸಿದ ದಿನ ನಾವೂ ದುಡ್ಡು ಉಳಿಯಿತು ಅಂದುಕೊಂಡೆವು. ಮರುದಿನ ಹಳೇ ಫೈಲು ತೆರೆದರೆ ಕನ್ನಡವೇ ಇಲ್ಲ, ಬರೀ ಅರ್ಥವಾಗದ ಗುರುತುಗಳು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದ ಫೈಲುಗಳು ಅವು; ಹೊಸ ಸಿಸ್ಟಮ್‌ನಲ್ಲಿ ಆ ಫಾಂಟ್ ಇರಲಿಲ್ಲ. ಎರಡು ದಿನ ಕೆಲಸ ನಿಂತಿತು. ಪಕ್ಕದ ಬೀದಿಯ ಹುಡುಗನೊಬ್ಬ ಬಂದು ಫಾಂಟ್ ಹಾಕಿ, ಫೈಲುಗಳನ್ನು ಒಂದೊಂದಾಗಿ ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡಿಗೆ ತಂದುಕೊಟ್ಟ. ಅವನಿಗೆ ದುಡ್ಡು ಕೊಟ್ಟೆವು. ಖರ್ಚು ತಪ್ಪಲಿಲ್ಲ, ಆದರೆ ದುಡ್ಡು ನಮ್ಮೂರಲ್ಲೇ ಉಳಿಯಿತು. ನಿಮ್ಮ ಲೇಖನ ಹಿಡಿಯಬೇಕಿದ್ದ ಎಳೆ ಇದು.

ಅದು ನಿಮ್ಮ ಕೈಗೆ ಸಿಕ್ಕಿಯೂ ಇತ್ತು. ಉಚಿತ ತಂತ್ರಾಂಶ ಬಳಸುವ ಕೇರಳದ ಶಾಲೆಗಳ ಬಗ್ಗೆ ಮೂರು ಸಾಲು ಬರೆದು, 2017ರಲ್ಲಿ ಹೇಳಿದ 300 ಕೋಟಿ ರೂಪಾಯಿ ಉಳಿತಾಯದ ಲೆಕ್ಕ ಕೊಟ್ಟು ಮುಗಿಸಿದ್ದೀರಿ. ಅದು ಕೊಳ್ಳದೆ ಬಿಟ್ಟ ಲೈಸೆನ್ಸುಗಳ ಲೆಕ್ಕ. ಮೇಷ್ಟ್ರುಗಳ ತರಬೇತಿಗೆ ಎಷ್ಟು ಹೋಯಿತು? ಕೆಟ್ಟ ಕಂಪ್ಯೂಟರ್ ನೋಡುವವರು ಯಾರು? ಅಲ್ಲಿ ಮೇಷ್ಟ್ರುಗಳನ್ನೇ ತರಬೇತುದಾರರನ್ನಾಗಿ ಮಾಡಿದರು, ಶಾಲೆಗಳಿಗೆ ಬೇಕಾದ ಹಾಗೆ ಲಿನಕ್ಸನ್ನು ತಾವೇ ಹೊಂದಿಸಿಕೊಂಡರು. ಅಲ್ಲಿನ ಶಾಲಾ ಕಂಪ್ಯೂಟರ್ ಯೋಜನೆ 2001ರಲ್ಲೇ ಶುರುವಾಯಿತು. ಅಷ್ಟು ವರ್ಷ ಜನರ ಮೇಲೆ ಹಾಕಿದ ದುಡ್ಡನ್ನು ಬಿಟ್ಟು ಉಳಿತಾಯದ ಮಾತಾಡಿದರೆ ಲೆಕ್ಕ ಅರ್ಧವೇ ಅಲ್ವಾ?

ದುಡ್ಡು ಕೊಟ್ಟು ಕೊಳ್ಳಬೇಕಾದ ತಂತ್ರಾಂಶದ ಕಳ್ಳ ಕಾಪಿಯ ಮಾತನ್ನೂ ಎತ್ತಿಲ್ಲ. ರಿಪೇರಿ ಅಂಗಡಿಯಲ್ಲಿ ಅದನ್ನು ಸುಮ್ನೆ ಹಾಕಿಕೊಡುವಾಗ, ಮನೆಯವರಿಗೆ ಲಿನಕ್ಸಿನಿಂದ ಉಳಿಯುವುದೇನು? ಲೈಸೆನ್ಸಿನ ಬಿಸಿ ಜಾಸ್ತಿ ತಟ್ಟುವುದು ಸರ್ಕಾರಕ್ಕೆ, ಶಾಲೆಗೆ. ಈ ವ್ಯತ್ಯಾಸ ಬರೆಯಿರಿ.

ಪೆರುವಿನ ಸಂಸದ ಎಡ್ಗರ್ ವಿಲ್ಲಾನ್ಯೂವಾ ಸರ್ಕಾರ ಇಂಥ ತಂತ್ರಾಂಶವನ್ನೇ ಬಳಸಬೇಕೆಂದು ವಾದಿಸಿ 2002ರಲ್ಲಿ ಮೈಕ್ರೋಸಾಫ್ಟ್‌ಗೆ ಬರೆದ ಪತ್ರವನ್ನು ಉಳಿತಾಯದ ಸಾಕ್ಷಿಯಾಗಿ ತಂದಿದ್ದೀರಿ. ಅವರು ಮುಂದಿಟ್ಟಿದ್ದು ಬೆಲೆಯನ್ನಲ್ಲ. ಜನರ ಮಾಹಿತಿ ಜನರಿಗೆ ಸದಾ ಸಿಗಬೇಕು ಎಂಬುದನ್ನು. ಪತ್ರವನ್ನು ಪೂರ್ತಿ ಓದಿ.

ಆಮೇಲೆ ಕಾಸರಗೋಡಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಐಟಿ ಪಾಠ ಮಾಡುವ ಮೇಷ್ಟ್ರ ಪಕ್ಕ ಒಂದು ದಿನ ಕೂತುಕೊಳ್ಳಿ. ಸಿಸ್ಟಮ್ ಕೈಕೊಟ್ಟಾಗ ಅವರು ಯಾರಿಗೆ ಫೋನ್ ಮಾಡುತ್ತಾರೆ ನೋಡಿ, ಅಲ್ಲಿಂದ ಲೇಖನ ಶುರು ಮಾಡಿ. ಕಾಯುತ್ತಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ